ಮನೆ ಮುಂದೆ ಟರ್ಕಿ ಬಂದು ನಿಂತ್ರೆ ಏನ್ಮಾಡ್ಬೇಕು? ಬಾಸ್ಟನ್ ಸುತ್ತಮುತ್ತ ಇರೋ ನಮ್ಮೋರಿಗೆ

ಪ್ರತಿ ವರ್ಷ ಮಾರ್ಚ್ ಬಂತು ಅಂದ್ರೆ ಒಂದೇ ಪ್ರಶ್ನೆ ಹತ್ತಾರು ಜನ ಕೇಳ್ತಾರೆ. "ಡ್ರೈವ್‌ವೇನಲ್ಲಿ ದೊಡ್ಡ ಕೋಳಿ ಥರ ಏನೋ ನಿಂತಿದೆ, ಕಾರಿನ ಬಾಗಿಲಿಗೆ ಕುಟ್ತಾ ಇದೆ, ಯಾರಿಗೆ ಫೋನ್ ಮಾಡೋದು?" "ಅಮ್ಮ ಊರಿಂದ ಬಂದಿದ್ದಾರೆ, ವಾಕಿಂಗ್ ಹೋದಾಗ ಅಟ್ಟಿಸ್ಕೊಂಡು ಬಂತಂತೆ, ಈಗ ಹೊರಗೇ ಹೋಗಲ್ಲ ಅಂತಿದ್ದಾರೆ." "ಮಗು ಸ್ಕೂಲ್ ಬಸ್ಸಿಗೆ ಕಾಯೋ ಜಾಗದಲ್ಲೇ ಆರೇಳು ನಿಂತಿರ್ತವೆ, ಕಚ್ಚುತ್ತಾ?" ಒಬ್ಬೊಬ್ರಿಗೂ ಬೇರೆ ಬೇರೆ ಉತ್ತರ ಬರೆಯೋ ಬದಲು ಎಲ್ಲಾ ಒಂದೇ ಕಡೆ ಬರೀತಾ ಇದ್ದೀನಿ. ನಾನು ಬರೀತಿರೋದು ಮ್ಯಾಸಚೂಸೆಟ್ಸ್ ಲೆಕ್ಕದಲ್ಲಿ. ಬೇರೆ ರಾಜ್ಯದಲ್ಲಿ ಇರೋರಿಗೆ ಹಕ್ಕಿಯ ಸ್ವಭಾವ ಹೆಚ್ಚುಕಮ್ಮಿ ಇದೇ, ಆದ್ರೆ ಕಾನೂನು, ಇಲಾಖೆ ಬೇರೆ ಇರತ್ತೆ, ಅದನ್ನ ನಿಮ್ಮ ರಾಜ್ಯದ್ದು ನೋಡ್ಕೊಳ್ಳಿ.

ಶುರು ಮಾಡೋ ಮುಂಚೆ ಸ್ವಲ್ಪ ಹಿನ್ನೆಲೆ, ಯಾಕಂದ್ರೆ ಇದು ಗೊತ್ತಿಲ್ದೆ ಜನ ತಪ್ಪು ತಿಳ್ಕೋತಾರೆ.

ಇದು ಯಾರ ಮನೆಯಿಂದಾನೋ ತಪ್ಪಿಸ್ಕೊಂಡು ಬಂದ ಸಾಕು ಕೋಳಿ ಅಲ್ಲ. ಥ್ಯಾಂಕ್ಸ್‌ಗಿವಿಂಗ್‌ಗೆ ಅಂಗಡಿಯಲ್ಲಿ ಸಿಗೋದು ಫಾರ್ಮ್‌ನಲ್ಲಿ ಬೆಳೆಸಿದ ಬಿಳಿ ಗರಿಯ ತಳಿ, ಅದಕ್ಕೆ ಮೈಭಾರಕ್ಕೆ ಹಾರೋಕೂ ಆಗಲ್ಲ. ನಿಮ್ಮ ಅಂಗಳದಲ್ಲಿ ಇರೋದು ಕಾಡು ಟರ್ಕಿ, ಈ ನೆಲದ್ದೇ ಹಕ್ಕಿ, ಟರ್ಕಿ ದೇಶಕ್ಕೂ ಇದಕ್ಕೂ ಸಂಬಂಧ ಇಲ್ಲ. ಒಂದು ಕಾಲದಲ್ಲಿ ಈ ರಾಜ್ಯದ ತುಂಬ ಇತ್ತು, ಆಮೇಲೆ ಕಾಡು ಕಡಿದು ಹೊಲ ಮಾಡಿದ್ರು, ಮನಸ್ಸಿಗೆ ಬಂದ ಹಾಗೆ ಬೇಟೆ ಆಡಿದ್ರು, 1851 ರಲ್ಲಿ ಕೊನೇ ಹಕ್ಕಿ ಸತ್ತಿತು ಅಂತ ದಾಖಲೆ. ನೂರಿಪ್ಪತ್ತು ವರ್ಷ ಮ್ಯಾಸಚೂಸೆಟ್ಸ್‌ನಲ್ಲಿ ಕಾಡು ಟರ್ಕಿ ಅನ್ನೋದೇ ಇರಲಿಲ್ಲ. ಮಧ್ಯದಲ್ಲಿ ಫಾರ್ಮ್‌ನಲ್ಲಿ ಸಾಕಿದ ಹಕ್ಕಿಗಳನ್ನ ಬಿಟ್ಟು ನೋಡಿದ್ರು, ಉಳೀಲಿಲ್ಲ. ಕೊನೆಗೆ 1972-73 ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾಡಲ್ಲಿ ಹಿಡಿದ 37 ಹಕ್ಕಿ ತಂದು ಪಶ್ಚಿಮದ ಬರ್ಕ್‌ಶೈರ್ ಬೆಟ್ಟಗಳಲ್ಲಿ ಬಿಟ್ರು. ಅವು ಅಲ್ಲಿ ನೆಲೆ ನಿಂತವು. ಅಲ್ಲಿಂದ ಹಿಡಿದು ಬೇರೆ ಬೇರೆ ಜಿಲ್ಲೆಗೂ ಬಿಟ್ರು, ಈಗ ರಾಜ್ಯದಲ್ಲಿ 30,000 ಕ್ಕಿಂತ ಜಾಸ್ತಿ ಇವೆ ಅಂತ ಅಂದಾಜು. 1991 ರಿಂದ ಇದು ರಾಜ್ಯದ ಅಧಿಕೃತ ಬೇಟೆ ಹಕ್ಕಿ. ನನಗೆ ಇದು ನಿಜವಾಗ್ಲೂ ದೊಡ್ಡ ವಿಷಯ ಅನ್ಸತ್ತೆ, ಪೂರ್ತಿ ಅಳಿಸಿಹೋಗಿದ್ದ ಒಂದು ಪ್ರಾಣಿನ ವಾಪಸ್ ತಂದಿದ್ದಾರೆ, ಅದು ಇವತ್ತು ಬಾಸ್ಟನ್ ಪಕ್ಕದ ಬ್ರೂಕ್‌ಲೈನ್ ರಸ್ತೆಯಲ್ಲಿ ಜನರ ಜೊತೆ ಫುಟ್‌ಪಾತ್ ಮೇಲೆ ನಡ್ಕೊಂಡು ಹೋಗ್ತಾ ಇದೆ.

ಮತ್ತೆ ಊರೊಳಗೆ ಯಾಕೆ ಬಂತು? ನೀವೇ ಅದರ ಜಾಗದಲ್ಲಿ ನಿಂತು ಯೋಚನೆ ಮಾಡಿ. ಓಕ್ ಮರದ ಕಾಯಿ ಇದೆ, ಹುಳ ಹುಡುಕೋಕೆ ಕತ್ತರಿಸಿದ ಹುಲ್ಲಿನ ಲಾನ್ ಇದೆ, ರಾತ್ರಿ ಮಲಗೋಕೆ ಎತ್ತರದ ಪೈನ್ ಮರ ಇದೆ, ಮನೆಗಳ 500 ಅಡಿ ಒಳಗೆ ಬೇಟೆ ಆಡೋ ಹಾಗಿಲ್ಲ ಅಂತ ಕಾನೂನು ಇದೆ, ಮೇಲಿಂದ ಮನೆಮನೆಗೂ ಬರ್ಡ್ ಫೀಡರ್, ಅಂದ್ರೆ ಹಕ್ಕಿಗೆ ಕಾಳು ಹಾಕಿಡೋ ಡಬ್ಬ, ತೂಗಾಡ್ತಿದೆ.

ಕೆಲವು ಪದ ಗೊತ್ತಿರ್ಲಿ, ಅಕ್ಕಪಕ್ಕದೋರು ಮಾತಾಡುವಾಗ ಬರತ್ತೆ. ದೊಡ್ಡ ಗಂಡಿಗೆ ಟಾಮ್ ಅಂತಾರೆ, ಒಂದು ವರ್ಷದ ಆಸುಪಾಸಿನ ಹರೆಯದ ಗಂಡಿಗೆ ಜೇಕ್, ಹೆಣ್ಣಿಗೆ ಹೆನ್, ಮರಿಗೆ ಪೋಲ್ಟ್. ರೂಸ್ಟ್ ಅಂದ್ರೆ ರಾತ್ರಿ ಮಲಗೋ ಮರ. ಸ್ಟ್ರಟ್ ಅಂದ್ರೆ ಗಂಡು ಬಾಲ ಬಿಚ್ಚಿ ರೆಕ್ಕೆ ನೆಲಕ್ಕೆ ತಾಗಿಸಿ ಎಳ್ಕೊಂಡು ಗತ್ತಿನಲ್ಲಿ ನಡೆಯೋದು, ನಮ್ಮ ನವಿಲು ಗರಿ ಬಿಚ್ಚೋ ಹಾಗೆ.

ಮನೆಯಲ್ಲಿ ಇಟ್ಕೋಬೇಕಾದ ಸಾಮಾನು ಜಾಸ್ತಿ ಏನಿಲ್ಲ: ಉದ್ದ ಕೋಲಿನ ಪೊರಕೆ ಒಂದು, ಬಟನ್ ಒತ್ತಿದ್ರೆ ಪಟ್ ಅಂತ ಬಿಚ್ಚಿಕೊಳ್ಳೋ ಛತ್ರಿ ಒಂದು, ಹೊರಗಿನ ನಲ್ಲಿಗೆ ಹಾಕಿದ ನೀರಿನ ಪೈಪು, ಹಳೇ ಬೆಡ್‌ಶೀಟ್ ಅಥವಾ ಕಾರ್ ಕವರ್, ಸ್ವಲ್ಪ ಪಾತ್ರೆ ಸೋಪು. ಅಷ್ಟೇ.

ಹಂತ 1: ಮೊದಲು ತಿನ್ನೋಕೆ ಹಾಕೋದು ನಿಲ್ಸಿ

ಬೇರೆ ಏನೂ ಮಾಡಕ್ಕಾಗ್ಲಿಲ್ಲ ಅಂದ್ರೂ ಇದೊಂದು ಮಾಡಿ. ಕೆಳಗಿನ ಎಲ್ಲಾ ಹಂತಗಳೂ ಇದು ಆದ್ಮೇಲೇನೇ ಕೆಲಸ ಮಾಡೋದು.

ನಮ್ಮ ಮನೆಗಳಲ್ಲಿ ಇದು ಕಷ್ಟ ಅಂತ ನಂಗೆ ಗೊತ್ತು. ಊಟಕ್ಕೆ ಮುಂಚೆ ಕಾಗೆಗೆ ಒಂದು ತುತ್ತು ಇಡೋ ಅಭ್ಯಾಸ ಇರೋರು ನಾವು, ಅಕ್ಕಿ ಆರಿಸುವಾಗ ನುಚ್ಚು ಗುಬ್ಬಿಗೆ ಅಂತ ತೆಗೆದಿಡೋರು. ಬೇಸಿಗೆಯಲ್ಲಿ ಅಪ್ಪ ಅಮ್ಮ ಆರು ತಿಂಗಳಿಗೆ ಅಂತ ಬರ್ತಾರೆ, ಹಗಲೆಲ್ಲ ನಾವು ಆಫೀಸು, ಅವರಿಗೆ ಮಾತಾಡೋಕೆ ಯಾರೂ ಇಲ್ಲ, ಡೆಕ್ ಮೇಲೆ ಒಂದು ಹಕ್ಕಿ ಬಂದು ತಲೆ ಓರೆ ಮಾಡಿ ನೋಡಿದ್ರೆ ಮಿಕ್ಕಿದ ಅನ್ನ ತಂದು ಹಾಕ್ದೇ ಇರ್ತಾರಾ? ನಮ್ಮ ಮನೆಯಲ್ಲೂ ಇದೇ ಆಯ್ತು, ಮೂರನೇ ದಿನಕ್ಕೆ ಒಂದಿದ್ದಿದ್ದು ಒಂಬತ್ತಾಯ್ತು, ಹತ್ತನೇ ದಿನಕ್ಕೆ ಸ್ಲೈಡಿಂಗ್ ಡೋರ್ ಗಾಜಿಗೆ ಕೊಕ್ಕಲ್ಲಿ ಕುಟ್ಟಿ ಕರೆಯೋಕೆ ಶುರು ಮಾಡಿದ್ವು.

ಯಾಕೆ ಹಾಕ್ಬಾರ್ದು ಅನ್ನೋದನ್ನ ಹಿರಿಯರಿಗೆ ಸಮಾಧಾನವಾಗಿ ಹೇಳಿ, ಬೈಬೇಡಿ. ಟರ್ಕಿಗಳು ಹಿಂಡಲ್ಲಿ ಯಾರು ಮೇಲೆ ಯಾರು ಕೆಳಗೆ ಅಂತ ಲೆಕ್ಕ ಇಟ್ಕೊಂಡು ಬದುಕೋ ಹಕ್ಕಿಗಳು, ಕೋಳಿಗಳಲ್ಲಿ ಒಂದನ್ನ ಇನ್ನೊಂದು ಕುಕ್ಕಿ ಹಿಂದೆ ಸರಿಸೋದು ನೋಡಿರ್ತೀರಲ್ಲ, ಅದೇ. ಕೈಯಿಂದ ತಿಂದು ತಿಂದು ಜನರ ಭಯ ಹೋದ್ಮೇಲೆ ಅದು ನಮ್ಮನ್ನೂ ಆ ಲೆಕ್ಕಕ್ಕೆ ಸೇರಿಸ್ಕೊಳ್ಳತ್ತೆ. ಹೆದರಿ ಹಿಂದೆ ಸರಿಯೋ ಮನುಷ್ಯ ಕಂಡ್ರೆ ತನಗಿಂತ ಕೆಳಗಿನೋನು ಅಂತ ತೀರ್ಮಾನ ಮಾಡಿ ಅಟ್ಟಿಸ್ಕೊಂಡು ಹೋಗತ್ತೆ. ಪೋಸ್ಟ್‌ಮನ್, ಮಕ್ಕಳು, ವಾಕರ್ ಹಿಡ್ಕೊಂಡು ನಡೆಯೋ ಪಕ್ಕದ ಮನೆ ಅಜ್ಜಿ, ಇವರೇ ಮೊದಲು ಸಿಗೋದು. ಒಂದು ಸಲ ಹಾಗೆ ಆಗಿ ದೂರು ಮೇಲೆ ದೂರು ಹೋದ್ರೆ ಆ ಹಕ್ಕಿನ ಬೇರೆ ಕಡೆ ತಗೊಂಡು ಹೋಗಿ ಬಿಡಲ್ಲ, ಯಾಕಂದ್ರೆ ಅಲ್ಲೂ ಅದು ಅದನ್ನೇ ಮಾಡತ್ತೆ. ಕೊನೆಗೆ ಕೊಲ್ಲೋ ಹಂತಕ್ಕೇ ಹೋಗಿ ನಿಲ್ಲತ್ತೆ. ನೀವು ಪ್ರೀತಿಯಿಂದ ಹಾಕಿದ ಅನ್ನವೇ ಅದಕ್ಕೆ ಮುಳುವಾಗತ್ತೆ. ಇದನ್ನ ಹೀಗೇ ಹೇಳಿದ್ಮೇಲೆ ನಮ್ಮ ಅಮ್ಮ ಆವತ್ತೇ ನಿಲ್ಲಿಸಿದ್ರು.

ನಿಲ್ಲಿಸ್ಬೇಕಾಗಿರೋದು ಬರೀ ಅನ್ನ ಅಲ್ಲ, ನೋಡ್ಕೊಳ್ಳಿ:

ಬರ್ಡ್ ಫೀಡರ್ ಕೆಳಗೆ ಬೀಳೋ ಕಾಳು ಟರ್ಕಿಗೆ ಹಬ್ಬ. ಮೇಲೆ ಗುಬ್ಬಿ, ಕಾರ್ಡಿನಲ್ ತಿನ್ನುತ್ತೆ, ಕೆಳಗೆ ಇವು ಗುಡಿಸ್ತವೆ. ಫೀಡರ್ ಬೇಕೇ ಬೇಕು ಅಂದ್ರೆ ಕೆಳಗಿನ ಜಾಗ ದಿನಾ ಗುಡಿಸಿ, ಟರ್ಕಿ ಬರೋಕೆ ಶುರುವಾದ್ರೆ ಕೆಲವು ವಾರ ಪೂರ್ತಿ ತೆಗೆದುಬಿಡಿ. ನಾಯಿ ಬೆಕ್ಕಿನ ಊಟ ಹೊರಗೆ ಇಡ್ಬೇಡಿ. ಕಾಂಪೋಸ್ಟ್ ಡಬ್ಬಕ್ಕೆ ಮುಚ್ಚಳ ಹಾಕಿ. ಹಬ್ಬದ ದಿನ ಎಲೆ ಊಟ ಆದ್ಮೇಲೆ ಮಿಕ್ಕಿದ್ದನ್ನ ಬ್ಯಾಕ್‌ಯಾರ್ಡ್ ಮೂಲೆಗೆ ಸುರಿಯೋರು ಇದ್ದಾರೆ, ದಯವಿಟ್ಟು ಬೇಡ, ಟರ್ಕಿಗಿಂತ ಮುಂಚೆ ರಕೂನ್, ಇಲಿ, ಅದರ ಹಿಂದೆ ಕಯೋಟಿ ಬರತ್ತೆ. ಕಯೋಟಿ ಅಂದ್ರೆ ನಮ್ಮ ಕಡೆ ನರಿ ತೋಳದ ಮಧ್ಯೆ ಇರೋ ಥರದ ಪ್ರಾಣಿ.

ಎಲ್ಲರೂ ಎಡವೋ ಜಾಗ: ನೀವೊಬ್ರೇ ನಿಲ್ಲಿಸಿದ್ರೆ ಸಾಲದು. ನಾಲ್ಕು ಮನೆ ಆಚೆ ಒಬ್ರು ಬಕೆಟ್‌ಗಟ್ಟಲೆ ಜೋಳ ಸುರೀತಿದ್ರೆ ಹಿಂಡು ನಿಮ್ಮ ಬೀದಿ ಬಿಡಲ್ಲ. ಹೋಗಿ ಮಾತಾಡಿ, ಜಗಳ ಮಾಡೋಕೆ ಹೋಗ್ಬೇಡಿ, ಮೇಲೆ ಹೇಳಿದ ಕಾರಣ ಹೇಳಿ. ನಿಮ್ಮ ಟೌನ್‌ನಲ್ಲಿ ಕಾಡುಪ್ರಾಣಿಗೆ ಆಹಾರ ಹಾಕೋದರ ಬಗ್ಗೆ ಬೈಲಾ, ಅಂದ್ರೆ ಸ್ಥಳೀಯ ನಿಯಮ, ಏನಾದ್ರೂ ಇದೆಯಾ ಅಂತ ಟೌನ್ ಹಾಲ್‌ನಲ್ಲಿ ಕೇಳಿ ಇಟ್ಕೊಂಡಿರಿ.

ಹಂತ 2: ಬಂದಿರೋದು ಯಾರು ಅಂತ ಗುರುತು ಹಿಡೀರಿ

ಟಾಮ್ ಆದ್ರೆ ಒಂದು ನಡವಳಿಕೆ, ಮರಿ ಕಟ್ಕೊಂಡ ತಾಯಿ ಆದ್ರೆ ಇನ್ನೊಂದು. ಟಾಮ್ ತೂಕ 7 ರಿಂದ 11 ಕೆಜಿ, ಹೆಣ್ಣು ಅದರ ಅರ್ಧ. ಟಾಮ್ ಎದೆಯಿಂದ ಕುದುರೆ ಕೂದಲಿನ ಥರ ಒಂದು ಜುಂಗು ಜೋತಾಡ್ತಿರತ್ತೆ, ಅದಕ್ಕೆ ಬಿಯರ್ಡ್, ಗಡ್ಡ ಅಂತಾನೇ ಹೆಸರು (ಅಪರೂಪಕ್ಕೆ ಕೆಲವು ಹೆಣ್ಣಿಗೂ ಇರತ್ತೆ). ಕಾಲಿನ ಹಿಂದೆ ನಮ್ಮ ಹುಂಜದ ಥರ ಮುಳ್ಳು. ಬಾಲ ಬಿಚ್ಚಿದಾಗ ಬೀಸಣಿಗೆ ಅಂಚು ಒಂದೇ ಸಮ ಇದ್ರೆ ಟಾಮ್, ನಡುವಿನ ಗರಿಗಳು ಮಾತ್ರ ಉದ್ದ ಎದ್ದು ನಿಂತಿದ್ರೆ ಜೇಕ್.

ಸ್ವಲ್ಪ ದೂರದಿಂದ, ಕಿಟಕಿ ಒಳಗಿಂದ, ಟಾಮ್ ತಲೆನ ಒಂದು ಐದು ನಿಮಿಷ ನೋಡಿ. ಆ ತಲೆಗೆ ಗರಿ ಇಲ್ಲ, ಬೋಳು ಚರ್ಮ, ಆರಾಮಾಗಿದ್ದಾಗ ಬೂದು ನೀಲಿ. ಇನ್ನೊಂದು ಗಂಡು ಕಂಡ್ರೆ ಅಥವಾ ಹೆಣ್ಣು ಹತ್ತಿರ ಬಂದ್ರೆ ನೆತ್ತಿ ಸುಣ್ಣದ ಹಾಗೆ ಬೆಳ್ಳಗಾಗತ್ತೆ, ಕೆನ್ನೆ ನೀಲಿ ಏರತ್ತೆ, ಕತ್ತಿನ ಗಂಟುಗಂಟು ಮಾಂಸ ಕೆಂಪು ತುಂಬ್ಕೊಂಡು ಉಬ್ಬತ್ತೆ, ಕೊಕ್ಕಿನ ಬುಡದಿಂದ ಮೇಲೆ ಬೆರಳಷ್ಟು ನಿಂತಿದ್ದ ತುಂಡು ಮಾಂಸ, ಸ್ನೂಡ್ ಅಂತಾರೆ ಅದಕ್ಕೆ, ಸರ್ರನೆ ಉದ್ದ ಆಗಿ ಕೊಕ್ಕು ದಾಟಿ ಕೆಳಗೆ ಇಳಿದುಬಿಡತ್ತೆ. ಈ ಬಣ್ಣ ನೋಡ್ಕೊಂಡೇ ನೀವು ಹೊರಗೆ ಹೋಗ್ಬೇಕಾ, ಎರಡು ನಿಮಿಷ ಕಾಯ್ಬೇಕಾ ಅಂತ ಹೇಳಬಹುದು. ಬಿಸಿಲಲ್ಲಿ ಮೈ ಗರಿ ಬರೀ ಕಂದು ಅಲ್ಲ, ತಾಮ್ರ, ಹಸಿರು, ಕಂಚು ಎಲ್ಲಾ ಮಿಂಚ್ತಿರತ್ತೆ. ಮೊಗಲರ ದೊರೆ ಜಹಾಂಗೀರನಿಗೆ 1612 ರಲ್ಲಿ ಗೋವಾದಿಂದ ಒಂದು ಟರ್ಕಿ ತಂದುಕೊಟ್ಟಾಗ ಅವನು ಬೆರಗಾಗಿ ಈ ತಲೆಯ ಬಣ್ಣ ಬದಲಾಗೋದನ್ನೇ ಬರೆದಿಟ್ಟಿದ್ದಾನೆ, ಆಸ್ಥಾನದ ಚಿತ್ರಗಾರ ಮನ್ಸೂರ್ ಕೈಲಿ ಅದರ ಚಿತ್ರಾನೂ ಬರೆಸಿದ. ಅಪ್ಪ ಅಮ್ಮಂಗೆ ಈ ಕಥೆ ಹೇಳಿ, ಹೆದರಿಕೆ ಹೋಗಿ ಕುತೂಹಲ ಬರತ್ತೆ.

ಹಕ್ಕಿ ಕಾಣಿಸ್ದೇ ಇದ್ರೂ ಗುರುತು ಸಿಗತ್ತೆ. ಹಿಕ್ಕೆ ಇಂಗ್ಲಿಷ್ ಜೆ ಅಕ್ಷರದ ಥರ ಉದ್ದ ಬಾಗಿದ್ರೆ ಗಂಡು, ಚಕ್ಕುಲಿ ಥರ ಸುತ್ತಿ ಗುಡ್ಡೆ ಆಗಿದ್ರೆ ಹೆಣ್ಣು.

ಇಲ್ಲಿ ಒಂದು ಎಚ್ಚರಿಕೆ. ತರಕಾರಿ ಗಿಡ ಹಾಳಾಗಿದ್ರೆ ತಕ್ಷಣ ಟರ್ಕಿ ಮೇಲೆ ಹಾಕ್ಬೇಡಿ. ಹಗಲು ಹೊತ್ತು ದೊಡ್ಡದಾಗಿ ಕಣ್ಣಿಗೆ ಬೀಳೋದು ಇದೇ ಆದ್ರಿಂದ ಬೈಗುಳ ಇದಕ್ಕೆ, ಯಾರ ಕಣ್ಣಿಗೂ ಬೀಳ್ದೆ ಬಂದು ಮೇಯ್ದು ಹೋಗಿರೋದು ಜಿಂಕೆ, ರಕೂನ್, ಇಲ್ಲಾ ಬಿಲದಲ್ಲಿರೋ ದಪ್ಪ ಅಳಿಲಿನ ಥರದ ಗ್ರೌಂಡ್‌ಹಾಗ್ ಆಗಿರೋದೇ ಹೆಚ್ಚು. ಟರ್ಕಿ ಮಾಡೋದು ಬೇರೆ ಥರ: ಒಣಗೆಲೆ, ಗಿಡದ ಬುಡಕ್ಕೆ ಹಾಸಿದ ಮಲ್ಚ್ (ಮರದ ಚೂರು) ಕೆದಕತ್ತೆ, ಹೊಸದಾಗಿ ಬಿತ್ತಿದ ಬೀಜ ಹೆಕ್ಕತ್ತೆ, ಒಣ ಮಣ್ಣಲ್ಲಿ ಬೋಗುಣಿ ಥರ ಗುಂಡಿ ಮಾಡಿ ಧೂಳು ಸ್ನಾನ ಮಾಡತ್ತೆ. ನೀವು ಹಾಕಿದ ಮೆಂತ್ಯ, ಕೊತ್ತಂಬರಿ ಪಾತಿ ಮೇಲೆ ಮೊಳಕೆ ಬರೋವರೆಗೂ ಒಂದು ಬಲೆ ಹಾಸಿದ್ರೆ ಸಾಕು.

ಇನ್ನೊಂದು ನಂಬಿಕೆ ಓಡಾಡ್ತಿದೆ, ಟರ್ಕಿ ಬಂದ್ರೆ ಅಂಗಳದ ಉಣ್ಣಿಯೆಲ್ಲ ತಿಂದು ಖಾಲಿ ಮಾಡತ್ತೆ, ಉಣ್ಣಿ ಕಚ್ಚಿ ಹರಡೋ ಲೈಮ್ ಕಾಯಿಲೆ ಬರಲ್ಲ ಅಂತ. ತಿನ್ನೋದೇನೋ ನಿಜ, ಆದ್ರೆ ಅದನ್ನ ನಂಬ್ಕೊಂಡು ಮಕ್ಕಳ ಮೈ ಕೈ ಚೆಕ್ ಮಾಡೋದು ಬಿಡ್ಬೇಡಿ.

ಹಂತ 3: ಕಾರು, ಕಿಟಕಿಗೆ ಕುಟ್ಟೋದನ್ನ ನಿಲ್ಸಿ

ಅತಿ ಹೆಚ್ಚು ಫೋನ್ ಬರೋದು ಇದಕ್ಕೆ. ಹಕ್ಕಿಗೆ ಹುಚ್ಚು ಹಿಡಿದಿಲ್ಲ, ರೇಬಿಸ್ಸೂ ಅಲ್ಲ (ರೇಬಿಸ್ ಬರೋದು ಸಸ್ತನಿಗಳಿಗೆ). ಮಾರ್ಚ್‌ನಿಂದ ಮೇವರೆಗೆ ಕೂಡೋ ಕಾಲ, ಗಂಡಿಗೆ ಎಲ್ಲೆಲ್ಲೂ ಎದುರಾಳಿನೇ ಕಾಣೋದು, ತೊಳೆದ ಕಪ್ಪು ಕಾರಿನ ಬಾಗಿಲಲ್ಲಿ ತನ್ನದೇ ನೆರಳು ಕಂಡ್ರೆ ಇನ್ನೊಂದು ಟಾಮ್ ಬಂತು ಅಂದ್ಕೊಳ್ಳತ್ತೆ. ಇದು ಬಾಲ ಬಿಚ್ಚಿದ್ರೆ ಅದೂ ಬಿಚ್ಚತ್ತೆ, ಇದು ಮುಂದೆ ಬಂದ್ರೆ ಅದೂ ಮುಂದೆ ಬರತ್ತೆ, ಹಿಂದೆ ಸರಿಯೋದೇ ಇಲ್ಲ ಅಲ್ವಾ ಆ ಎದುರಾಳಿ, ಹಾಗಾಗಿ ಗಂಟೆಗಟ್ಲೆ ಕುಟ್ತಾನೇ ಇರತ್ತೆ.

ಮಾಡ್ಬೇಕಾಗಿರೋದು ಆ ನೆರಳು ಕಾಣಿಸ್ದೇ ಇರೋ ಹಾಗೆ ಮಾಡೋದು. ಗ್ಯಾರೇಜ್ ಇದ್ರೆ ಕಾರು ಒಳಗೆ ಹಾಕಿ, ಇಲ್ಲ ಅಂದ್ರೆ ಕವರ್ ಹಾಕಿ ಅಥವಾ ಹಳೇ ಬೆಡ್‌ಶೀಟ್ ಬಾಗಿಲ ಮೇಲೆ ಇಳಿಬಿಟ್ಟು ತುದಿನ ಕಾರಿನ ಬಾಗಿಲಿಗೆ ಸಿಕ್ಕಿಸಿ. ಸೈಡ್ ಮಿರರ್‌ಗೆ ದಪ್ಪ ಕಾಲುಚೀಲ ಅಥವಾ ಪ್ಲಾಸ್ಟಿಕ್ ಚೀಲ ಕಟ್ಟಿ. ನೆಲದ ಮಟ್ಟದ ಕಿಟಕಿ, ಗಾಜಿನ ಬಾಗಿಲಿಗೆ ಹೊರಗಡೆಯಿಂದ ಸೋಪಿನ ನೀರು ತೆಳ್ಳಗೆ ಬಳಿದು ಒಣಗೋಕೆ ಬಿಡಿ. ಒಳಗಡೆ ಕರ್ಟನ್ ಎಳೆದ್ರೆ ಉಪಯೋಗ ಇಲ್ಲ, ಗಾಜು ಇನ್ನೂ ಚೆನ್ನಾಗಿ ಕನ್ನಡಿ ಆಗತ್ತೆ, ಈ ತಪ್ಪು ಸುಮಾರು ಜನ ಮಾಡ್ತಾರೆ. ಕೆಲವು ದಿನ ಎದುರಾಳಿ ಕಾಣಿಸಲಿಲ್ಲ ಅಂದ್ರೆ ಜಾಗ ಬಿಡತ್ತೆ. ಕುಟ್ತಾ ಇರೋ ಹಕ್ಕಿನ ಮೊದಲು ಪೊರಕೆ ಹಿಡಿದು ದೂರ ಓಡಿಸಿ, ಆಮೇಲೆ ಮುಚ್ಚಿ. ಮಧ್ಯೆ ಕೈ ಹಾಕ್ಬೇಡಿ.

ಹಂತ 4: ಎದುರಿಗೆ ಬಂದ್ರೆ ಹೇಗೆ ನಿಲ್ಬೇಕು

ಟರ್ಕಿ ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು, ಸ್ವಲ್ಪ ದೂರಕ್ಕೆ ಅದರ ಎರಡರಷ್ಟು ವೇಗದಲ್ಲಿ ಹಾರಬಲ್ಲದು. ಆದ್ರಿಂದ ಓಡಿ ಗೆಲ್ಲೋ ಮಾತು ಬೇಡ. ಓಡಿದ್ರೆ, ಬೆನ್ನು ತೋರಿಸಿದ್ರೆ ನೀವು ಸೋತ ಹಾಗೆ ಅದರ ಲೆಕ್ಕದಲ್ಲಿ, ನಾಳೆ ಇನ್ನೂ ಧೈರ್ಯವಾಗಿ ಬರತ್ತೆ.

ನಿಂತ್ಕೊಳ್ಳಿ. ಎದೆ ಸೆಟೆದು, ಎರಡು ಕೈ ಅಗಲಿಸಿ, ಜೋರಾಗಿ "ಹೋಯ್, ಹೋಗ್ ಆಚೆ" ಅಂತ ಕೂಗಿ ಒಂದು ಹೆಜ್ಜೆ ಮುಂದೆ ಇಡಿ. ಕನ್ನಡದಲ್ಲೇ ಕೂಗಿ, ಅದಕ್ಕೆ ಬೇಕಾಗಿರೋದು ದನಿಯ ಜೋರು. ಛತ್ರಿ ಇದ್ರೆ ಅದರ ಕಡೆ ತಿರುಗಿಸಿ ಪಟ್ ಅಂತ ಬಿಚ್ಚಿ, ಒಂದೇ ಸಲಕ್ಕೆ ನೀವು ಮೂರರಷ್ಟು ದೊಡ್ಡೋರಾಗಿ ಕಾಣ್ತೀರ, ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ, ವಾಕಿಂಗ್ ಹೋಗೋ ಹಿರಿಯರ ಕೈಗೆ ಮಳೆ ಇಲ್ದೇ ಇದ್ರೂ ಒಂದು ಕೊಟ್ಟು ಕಳಿಸಿ. ಅಂಗಳದಲ್ಲಾದ್ರೆ ಪೊರಕೆ ಬೀಸಿ, ನೀರಿನ ಪೈಪಿಂದ ಜೋರಾಗಿ ಕಾಲಿಗೆ, ಎದೆಗೆ ನೀರು ಹೊಡೀರಿ. ಪಾತ್ರೆಗೆ ಸೌಟಲ್ಲಿ ಬಡಿದು ಸದ್ದು ಮಾಡಿ. ಹಗ್ಗದಲ್ಲಿ ಕಟ್ಟಿದ ದೊಡ್ಡ ನಾಯಿ ಜೊತೆಗಿದ್ರೂ ಆಗತ್ತೆ, ಆದ್ರೆ ನಾಯಿನ ಬಿಚ್ಚಿ ಬಿಡ್ಬೇಡಿ, ಇಬ್ಬರಿಗೂ ಗಾಯ ಆಗತ್ತೆ.

ಹೆದರಿಸೋದು ಬೇರೆ, ಹಿಂಸೆ ಮಾಡೋದು ಬೇರೆ. ಕಲ್ಲು ಹೊಡಿಯೋದು, ಬಿಬಿ ಗನ್ ಹೊಡಿಯೋದು, ವಿಷ ಇಡೋದು ಯಾವುದೂ ಮಾಡ್ಬೇಡಿ.

ಹಕ್ಕಿ ಸ್ವಲ್ಪ ಹಿಂದೆ ಸರಿದ ತಕ್ಷಣ ನೀವು ಬಿಟ್ಟು ಒಳಗೆ ಹೋದ್ರೆ ಕೆಲಸ ಅರ್ಧಕ್ಕೆ ನಿಂತ ಹಾಗೆ. ಅದು ನಿಮ್ಮ ಅಂಗಳದ ಗಡಿ ದಾಟೋವರೆಗೂ ಹಿಂದೆ ಹೋಗಿ. ಮನೆಯಲ್ಲಿ ಎಲ್ಲರೂ ಒಂದೇ ಥರ ಮಾಡ್ಬೇಕು, ನೀವು ಓಡಿಸಿ ಯಜಮಾನ್ರು ವಿಡಿಯೋ ಮಾಡ್ತಾ ಹಿಂದೆ ಹಿಂದೆ ಸರಿದ್ರೆ ಅವರನ್ನ ಗುರುತಿಟ್ಕೊಂಡು ಅವರ ಹಿಂದೇನೇ ಬೀಳತ್ತೆ.

ಮಕ್ಕಳಿಗೆ ಹೇಳಿಕೊಡಿ: ಓಡ್ಬೇಡ, ಕಿರಚ್ಬೇಡ, ಬೆನ್ನಿನ ಬ್ಯಾಗ್ ಎದೆಗೆ ಹಿಡ್ಕೋ, ಹತ್ತಿರದ ದೊಡ್ಡೋರ ಹಿಂದೆ ಹೋಗಿ ನಿಂತ್ಕೋ. ಬಸ್ ಸ್ಟಾಪಲ್ಲಿ ಹಿಂಡು ನಿಂತಿರೋ ವಾರಗಳಲ್ಲಿ ಒಬ್ಬ ದೊಡ್ಡೋರು ಜೊತೆಗೆ ಇರ್ಲೇಬೇಕು. ಟರ್ಕಿ ಕಚ್ಚೋ ಪ್ರಾಣಿ ಅಲ್ಲ, ಕುಕ್ಕತ್ತೆ, ಎಗರಿ ಕಾಲಿನ ಮುಳ್ಳಿಂದ ಪರಚತ್ತೆ. ಹೆಚ್ಚಿನ ಪೆಟ್ಟು ಆಗೋದು ಹೆದರಿ ಓಡಿ ಬಿದ್ದಿದ್ದರಿಂದ. ಪರಚಿದ್ರೆ ಸೋಪು ನೀರಲ್ಲಿ ಚೆನ್ನಾಗಿ ತೊಳೆದು ಡಾಕ್ಟರ್‌ಗೆ ತೋರಿಸಿ, ಟೆಟನಸ್ ಇಂಜೆಕ್ಷನ್ ಯಾವಾಗ ಆಗಿತ್ತು ನೋಡ್ಕೊಳ್ಳಿ.

ಹಂತ 5: ರಸ್ತೆಯಲ್ಲಿ

ಒಂದು ದಾಟಿದ್ರೆ ಹಿಂದೆ ಇನ್ನೂ ಇವೆ ಅಂತಾನೇ ತಿಳ್ಕೊಳ್ಳಿ, ಸಾಲಾಗಿ ಬರ್ತವೆ. ನಿಧಾನ ಮಾಡಿ, ಹಜಾರ್ಡ್ ಲೈಟ್ ಹಾಕಿ, ಹಾರ್ನ್ ಹೊಡೆದು ಇಂಚಿಂಚು ಮುಂದೆ ಹೋಗಿ. ಸ್ಟೀರಿಂಗ್ ಫಕ್ಕನೆ ತಿರುಗಿಸ್ಬೇಡಿ. ಕಾರಿಂದ ಇಳಿದು ಓಡಿಸೋಕೆ ಹೋಗ್ಬೇಡಿ, ಹಿಂದಿನ ಕಾರು ನಿಮ್ಮನ್ನೇ ಗುದ್ದಬಹುದು. ಗುದ್ದಿ ಕಾರಿಗೆ ಪೆಟ್ಟಾದ್ರೆ ಇನ್ಶೂರೆನ್ಸ್‌ನ ಕಾಂಪ್ರಹೆನ್ಸಿವ್ ಕವರ್, ಅಂದ್ರೆ ಡಿಕ್ಕಿ ಬಿಟ್ಟು ಬೇರೆ ನಷ್ಟಕ್ಕೆ ಸಿಗೋ ಭಾಗ, ಅದರಲ್ಲಿ ಬರತ್ತೆ, ಫೋಟೋ ತೆಗೆದಿಟ್ಕೊಳ್ಳಿ.

2017 ರಲ್ಲಿ ಬಾಸ್ಟನ್ ದಕ್ಷಿಣದ ರಾಂಡಾಲ್ಫ್‌ನಲ್ಲಿ ರಸ್ತೆ ಮೇಲೆ ಸತ್ತು ಬಿದ್ದಿದ್ದ ಬೆಕ್ಕಿನ ಸುತ್ತ ಟರ್ಕಿಗಳು ಪ್ರದಕ್ಷಿಣೆ ಹಾಕ್ತಿದ್ದ ವಿಡಿಯೋ ಬಂದಿತ್ತು, ಏನೋ ಮಾಟ ಅಂತೆಲ್ಲ ಜನ ಕಳಿಸ್ತಾರೆ ಈಗಲೂ. ಅಪಾಯ ಏನು ಅಂತ ದೂರದಿಂದ ಪರೀಕ್ಷೆ ಮಾಡುವಾಗ ಮುಂದಿನದರ ಬಾಲ ನೋಡ್ಕೊಂಡು ಹಿಂದಿನದು ಹೋಗೋದರಿಂದ ಹಾಗೆ ಸುತ್ತೋದರಲ್ಲೇ ಸಿಕ್ಕಿಕೊಂಡಿರ್ತವೆ ಅನ್ನೋದು ಪಕ್ಷಿ ತಿಳಿದೋರು ಕೊಟ್ಟ ವಿವರಣೆ, ಹೆದರೋ ಅಂಥದ್ದೇನಿಲ್ಲ.

ಹಂತ 6: ಗೂಡು, ಮರಿ ಕಂಡ್ರೆ

ಟರ್ಕಿ ರಾತ್ರಿ ಮಲಗೋದು ಮರದ ಮೇಲಾದ್ರೂ ಮೊಟ್ಟೆ ಇಡೋದು ನೆಲದ ಮೇಲೆ. ಏಪ್ರಿಲ್, ಮೇನಲ್ಲಿ ಪೊದೆ ಬುಡದಲ್ಲಿ, ಬೇಲಿ ಸಂದಿಯಲ್ಲಿ, ಒಣಗೆಲೆ ಮೇಲೆ ಹತ್ತು ಹನ್ನೆರಡು ಮೊಟ್ಟೆ, ತಿಳಿ ಕಂದು ಬಣ್ಣ, ಮೇಲೆ ಚುಕ್ಕಿ. ಕಾವು ಸುಮಾರು 28 ದಿನ. ಹೆಣ್ಣು ಕೂತ್ರೆ ಒಣಗೆಲೆ ಯಾವುದು ಹಕ್ಕಿ ಯಾವುದು ಗೊತ್ತಾಗಲ್ಲ, ಆದ್ದರಿಂದ ಹುಲ್ಲು ಕತ್ತರಿಸೋಕೆ ಬರೋ ಲ್ಯಾಂಡ್‌ಸ್ಕೇಪಿಂಗ್‌ನೋರಿಗೆ ಮೊದಲೇ ಹೇಳಿ ಆ ಮೂಲೆ ಬಿಡಿಸಿ. ದಿನಾ ಹೋಗಿ ಇಣುಕ್ಬೇಡಿ, ನೀವು ನಡೆದ ಜಾಡು ಹಿಡಿದು ರಕೂನ್ ಬರತ್ತೆ, ಪದೇ ಪದೇ ಎಬ್ಬಿಸಿದ್ರೆ ತಾಯಿ ಗೂಡನ್ನೇ ಬಿಟ್ಟುಬಿಡಬಹುದು. ಒಂದು ತಿಂಗಳು ತಡ್ಕೊಳ್ಳಿ, ಮರಿ ಒಡೆದು ಒಂದು ದಿನದೊಳಗೆ ತಾಯಿ ಎಲ್ಲರನ್ನೂ ಕರ್ಕೊಂಡು ಜಾಗ ಖಾಲಿ ಮಾಡ್ತಾಳೆ.

ಮೊದಲ ಎರಡು ವಾರ ಮರಿಗಳಿಗೆ ಮರಕ್ಕೆ ಹಾರೋಕೆ ಬರಲ್ಲ, ರಾತ್ರಿ ನೆಲದ ಮೇಲೆ ತಾಯಿ ರೆಕ್ಕೆ ಅಡಿಯಲ್ಲೇ. ಮಳೆ, ಚಳಿ, ನರಿ, ಬೆಕ್ಕು, ಗೂಬೆ, ಎಲ್ಲದಕ್ಕೂ ಸಿಗೋದು ಆವಾಗಲೇ, ಹುಟ್ಟಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿಯಲ್ಲ. ಬೆಕ್ಕು ಸಾಕಿರೋರು ಜೂನ್ ತಿಂಗಳಲ್ಲಾದ್ರೂ ಒಳಗೆ ಇಟ್ಕೊಳ್ಳಿ ಅಂತ ಕೇಳ್ಕೋತೀನಿ.

ಒಂಟಿ ಮರಿ ಕೀಚ್ ಕೀಚ್ ಅಂತ ಓಡಾಡ್ತಿದ್ರೆ ಎತ್ಕೊಂಡು ಡಬ್ಬಿಗೆ ಹಾಕಿ ಒಳಗೆ ತರ್ಬೇಡಿ. ತಾಯಿ ಹತ್ತಿರದಲ್ಲೇ ಇರ್ತಾಳೆ, ನೀವು ನಿಂತಿರೋದರಿಂದ ಬರ್ತಿಲ್ಲ. ಮಕ್ಕಳು, ನಾಯಿ ಎಲ್ಲರನ್ನೂ ಒಳಗೆ ಕರೆದು ಒಂದೆರಡು ಗಂಟೆ ಬಿಡಿ. ಕಾಡುಹಕ್ಕಿ ಮರಿನ ಮನೆಯಲ್ಲಿ ಸಾಕೋದು ಕಾನೂನು ಪ್ರಕಾರವೂ ತಪ್ಪು. ಮರಿ ಜೊತೆಗಿರೋ ತಾಯಿ ಉಬ್ಬಿ ಹಿಸ್ ಅಂತ ಎದುರಿಗೆ ಬಂದ್ರೆ ಹಂತ 4 ರಲ್ಲಿ ಹೇಳಿದ್ದು ಅಲ್ಲಿ ಬೇಡ, ನೀವೇ ಮುಖ ಅದರ ಕಡೆ ಇಟ್ಕೊಂಡು ನಿಧಾನಕ್ಕೆ ಸರಿದು ದಾರಿ ಬಿಡಿ, ಅದು ಜಗಳಕ್ಕೆ ಬಂದಿರೋದಲ್ಲ.

ಹಂತ 7: ಯಾರನ್ನ ಕರೀಬೇಕು

911 ಬೇಡ, ಯಾರಿಗಾದ್ರೂ ಜೋರಾಗಿ ಪೆಟ್ಟಾಗಿದ್ರೆ ಮಾತ್ರ. ಹಕ್ಕಿ ಮತ್ತೆ ಮತ್ತೆ ಜನರ ಮೇಲೆ ಬೀಳ್ತಿದ್ರೆ ನಿಮ್ಮ ಟೌನ್‌ನ ಅನಿಮಲ್ ಕಂಟ್ರೋಲ್ ಆಫೀಸರ್‌ಗೆ ಹೇಳಿ, ಪೊಲೀಸ್ ಠಾಣೆಯ ಮಾಮೂಲಿ ನಂಬರಿಗೆ ಫೋನ್ ಮಾಡಿದ್ರೂ ಅಲ್ಲಿಗೆ ಕೊಡ್ತಾರೆ. ರಾಜ್ಯದ ಇಲಾಖೆ ಹೆಸರು ಮ್ಯಾಸ್‌ವೈಲ್ಡ್‌ಲೈಫ್, ಜಿಲ್ಲಾವಾರು ಆಫೀಸುಗಳಿವೆ, ಏನು ಮಾಡ್ಬೇಕು ಅಂತ ಸಲಹೆ ಕೊಡ್ತಾರೆ. ಬಂದು ಹಿಡ್ಕೊಂಡು ಹೋಗಲ್ಲ, ಅದನ್ನ ನಿರೀಕ್ಷೆ ಮಾಡ್ಬೇಡಿ. ಫೋನ್ ಮಾಡೋ ಮುಂಚೆ ಎಷ್ಟು ಹಕ್ಕಿ, ಗಂಡಾ ಹೆಣ್ಣಾ, ಯಾವ ಹೊತ್ತು, ಸುತ್ತಮುತ್ತ ಯಾರು ತಿನ್ನೋಕೆ ಹಾಕ್ತಾರೆ ಇಷ್ಟು ಬರೆದಿಟ್ಕೊಂಡಿರಿ, ಅವರು ಮೊದಲು ಕೇಳೋದೇ ಇದು.

ಗಾಯ ಆದ ಹಕ್ಕಿಗೆ ಲೈಸೆನ್ಸ್ ಇರೋ ವೈಲ್ಡ್‌ಲೈಫ್ ರಿಹ್ಯಾಬಿಲಿಟೇಟರ್, ಅಂದ್ರೆ ಕಾಡುಪ್ರಾಣಿ ಆರೈಕೆ ಮಾಡಿ ವಾಪಸ್ ಬಿಡೋರು, ರಾಜ್ಯದ ಸೈಟ್‌ನಲ್ಲಿ ಊರುವಾರು ಪಟ್ಟಿ ಇದೆ. ಕುಂಟ್ತಾ ಇದ್ರೂ ಹಾರಿ ಮರ ಹತ್ತುತ್ತಿದ್ರೆ ಹಾಗೇ ಬಿಡಿ, ತಾನಾಗೇ ಸರಿ ಹೋಗೋದು ಜಾಸ್ತಿ. ಸತ್ತ ಹಕ್ಕಿ ಕಂಡ್ರೆ ಬರಿಗೈಯಲ್ಲಿ ಮುಟ್ಬೇಡಿ, ಕೆಲವು ವರ್ಷದಿಂದ ಹಕ್ಕಿ ಜ್ವರ ಕಾಡುಹಕ್ಕಿಗಳಲ್ಲೂ ಓಡಾಡ್ತಿದೆ. ಒಂದೇ ಕಡೆ ನಾಲ್ಕೈದು ಸತ್ತು ಬಿದ್ದಿದ್ರೆ ಇಲಾಖೆಗೆ ತಿಳಿಸಿ. ಹಿಕ್ಕೆ ಗುಡಿಸುವಾಗ ಗ್ಲೌಸ್ ಹಾಕಿ, ಒಣಗಿದ್ರೆ ನೀರು ಚಿಮುಕಿಸಿ ಗುಡಿಸಿ.

ಸುಮಾರು ಹುಡುಗರು ಕೇಳೋ ಪ್ರಶ್ನೆ, ನಮ್ಮ ಬ್ಯಾಕ್‌ಯಾರ್ಡ್‌ಗೇ ಬಂದಿದೆ, ಹಿಡಿದು ಅಡುಗೆ ಮಾಡಿದ್ರೆ ಏನು? ತಪ್ಪು, ದಂಡ ಬೀಳತ್ತೆ. ಬೇಟೆಗೆ ಲೈಸೆನ್ಸ್, ಅದರ ಮೇಲೆ ಟರ್ಕಿ ಪರ್ಮಿಟ್, ನಿಗದಿ ಮಾಡಿದ ಸೀಸನ್, ಮನೆಗಳಿಂದ 500 ಅಡಿ ದೂರ, ಇಷ್ಟೂ ಬೇಕು. ವೀಸಾ ಮೇಲೆ ಇರೋರು ಇಂಥ ಕೇಸು ಮೈಮೇಲೆ ಎಳ್ಕೋಬೇಡಿ.

ಹಂತ 8: ಬೇಸಿಗೆಯಲ್ಲಿ ಎಣಿಸಿ

ಇದು ಕಡ್ಡಾಯ ಅಲ್ಲ, ಆದ್ರೆ ನನಗೆ ತುಂಬಾ ಇಷ್ಟವಾದ ಕೆಲಸ. ಜೂನ್ 1 ರಿಂದ ಆಗಸ್ಟ್ 31 ರವರೆಗೆ ಮ್ಯಾಸ್‌ವೈಲ್ಡ್‌ಲೈಫ್ ಸಾಮಾನ್ಯ ಜನರಿಂದಲೇ ಟರ್ಕಿ ಲೆಕ್ಕ ತಗೊಳ್ಳತ್ತೆ, ಅದರಿಂದಲೇ ಆ ವರ್ಷ ಎಷ್ಟು ಮರಿ ಉಳೀತು ಅಂತ ತಿಳ್ಕೊಳ್ಳೋದು. ಆನ್‌ಲೈನ್ ಫಾರ್ಮ್, ಎರಡು ನಿಮಿಷದ ಕೆಲಸ. ಯಾವ ದಿನ, ಯಾವ ಊರು, ಟಾಮ್ ಎಷ್ಟು, ಹೆನ್ ಎಷ್ಟು, ಪೋಲ್ಟ್ ಎಷ್ಟು, ಮರಿಗಳ ಗಾತ್ರ ತಾಯಿಗೆ ಹೋಲಿಸಿದ್ರೆ ಎಷ್ಟು. ಅಪ್ಪ ಅಮ್ಮ ಬಂದಿದ್ರೆ ಅವರಿಗೆ ಒಂದು ನೋಟ್‌ಬುಕ್, ಪೆನ್ಸಿಲ್ ಕೊಟ್ಟು ಅಡುಗೆಮನೆ ಕಿಟಕಿ ಹತ್ತಿರ ಕುರ್ಚಿ ಹಾಕಿ, ಅನ್ನ ಹಾಕೋದು ನಿಲ್ಲಿಸಿದ್ದರ ಬೇಜಾರು ಇದರಲ್ಲಿ ಮರೆಯತ್ತೆ. ನಮ್ಮ ಅಮ್ಮ ಹೋದ ಸಲ ಬಂದಾಗ ಮೂರು ತಾಯಿ, ಹದಿನಾಲ್ಕು ಮರಿ ಅಂತ ಬರೆದಿಟ್ಟಿದ್ರು, ತಾರೀಖಿನ ಪಕ್ಕ ತಿಥಿ ಸಮೇತ.

ಎಣಿಸುವಾಗ ಆತುರ ಬೇಡ. ಹುಲ್ಲು ಸ್ವಲ್ಪ ಎತ್ತರ ಇದ್ರೂ ಚಿಕ್ಕ ಮರಿಗಳು ಕಾಣಲ್ಲ, ತಲೆಗಳು ಒಂದು ಕಡೆ ಮುಳುಗಿ ಇನ್ನೊಂದು ಕಡೆ ಏಳ್ತವೆ. ಹಿಂಡು ಡ್ರೈವ್‌ವೇ ದಾಟೋವರೆಗೂ ಕಾಯಿರಿ, ಬರಿ ಡಾಂಬರಿನ ಮೇಲೆ ಒಂದೊಂದಾಗಿ ಬರ್ತವೆ. ತಾಯಿ ಆ ಕಡೆ ಹೋಗಿ ನಿಂತು ತಿರುಗಿ ನೋಡ್ತಿದ್ರೆ ಇನ್ನೂ ಒಂದು ಬರೋದಿದೆ, ಪೆನ್ಸಿಲ್ ಕೆಳಗಿಡ್ಬೇಡಿ.